ಫೋಟೋದಲ್ಲಿ ಇಲ್ಲದ ಪೈಪಿನ ವಿಚಾರ

ಉದ್ಯಾನದ ಸುತ್ತಲಿನ ಮಹನೀಯ ಮನೆಗಳ ಸಂರಕ್ಷಣಾ ಸಮಿತಿಯ ಘನ ಅಧ್ಯಕ್ಷರ ಸನ್ನಿಧಿಗೆ. ಅವರ ಎಡಬಲಕ್ಕೆ ಕೂರುವ ಸದಸ್ಯರ ಗಮನಕ್ಕೆ. ಉದ್ಯಾನದ ಗೇಟಿನ ಬಳಿ ನಿಂತು ಇದನ್ನು ಓದುವಷ್ಟು ಪುರುಸೊತ್ತಿರುವ ಎಲ್ಲರ ತಿಳಿವಳಿಕೆಗೆ.

ಮಾನ್ಯರೇ,

ಹನ್ನೊಂದನೇ ನಂಬರಿನ ಮನೆಯ ಪಕ್ಕದ ಬಾಗಿಲಿನಲ್ಲಿ ವಾಸವಾಗಿರುವ, ಎರಡು ಕೋಣೆ ಮತ್ತು ಒಂದು ಅಡುಗೆಮನೆಗೆ ಕಾಗದಪತ್ರ ಸಮೇತ ಒಡತಿಯಾಗಿರುವ, ಎಪ್ಪತ್ತೆಂಟು ವರ್ಷ ತುಂಬಿದ ನಾನು ತಮಗೆ ಮೊದಲು ಕೈಮುಗಿದು, ಆಮೇಲೆ ಪೆನ್ನು ಹಿಡಿದು ಈ ಕಾಗದ ಬರೆಯುತ್ತಿದ್ದೇನೆ. ಎರಡನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲವಾದ್ದರಿಂದ ಇನ್ನು ಮುಂದಿನ ಸಾಲುಗಳಲ್ಲಿ ಕೈಮುಗಿದದ್ದು ಕಾಣಿಸದಿದ್ದರೆ ತಾವು ಬೇಸರ ಮಾಡಿಕೊಳ್ಳಬಾರದು. ತಾವು, ತಮ್ಮ ಸದಸ್ಯರು, ತಮ್ಮ ಅಳತೆಪಟ್ಟಿ, ಗೋಡೆಯ ಬಣ್ಣ ಕೆರೆಯುವ ತಮ್ಮ ಬ್ಲೇಡು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮವಾಗಿಯೇ ಇದ್ದೆವು, ತಮ್ಮ ನೋಟೀಸು ಬರುವವರೆಗೆ.

ತಮ್ಮ ಕಚೇರಿ ಅದೇ ಹನ್ನೊಂದನೇ ನಂಬರಿನ ದೊಡ್ಡ ಬಾಗಿಲಿನಲ್ಲಿದೆ. ನಮ್ಮ ಅಡುಗೆಮನೆಗೂ ತಮ್ಮ ಸಭೆಯ ಕೋಣೆಗೂ ನಡುವೆ ಒಂದೇ ಗೋಡೆ. ನಾನು ಪಾತ್ರೆ ಬೀಳಿಸಿದರೆ ತಮಗೆ ಕೇಳುತ್ತದೆ, ತಾವು ಒಬ್ಬರನ್ನೊಬ್ಬರು ಹೊಗಳಿಕೊಂಡರೆ ನಮಗೆ ಕೇಳುತ್ತದೆ. ಇಷ್ಟು ಹತ್ತಿರವಿದ್ದೂ ಊರಿಗೆಲ್ಲ ಕಾಣುವ ಹಾಗೆ ಕಾಗದ ಯಾಕೆ ಎಂದರೆ, ನಾನು ಬಾಯಲ್ಲಿ ಹೇಳಿದಾಗ ತಾವು ಲಿಖಿತವಾಗಿ ಕೊಡಿ ಎಂದಿರಿ, ಲಿಖಿತವಾಗಿ ಮೂರು ಸಲ ಕೊಟ್ಟಾಗ ಒಮ್ಮೆ ಬಂದು ಮಾತಾಡಿ ಎಂದಿರಿ, ಬಂದು ಮಾತಾಡಿದಾಗ ಮತ್ತೆ ಲಿಖಿತವಾಗಿ ಕೊಡಿ ಎಂದಿರಿ. ಮಂಡಿಯಲ್ಲಿ ಇಷ್ಟು ಸುತ್ತು ಹಾಕುವ ಶಕ್ತಿ ಉಳಿದಿಲ್ಲವಾದ್ದರಿಂದ ಈ ನಾಲ್ಕನೆಯದನ್ನು ಗೇಟಿನ ಹಲಗೆಯ ಮೇಲೆ, ತಮ್ಮ ಬಣ್ಣದ ನಕ್ಷೆಯ ಪಕ್ಕದಲ್ಲೇ ಅಂಟಿಸಿದ್ದೇನೆ. ನಕ್ಷೆ ಮುಚ್ಚಿಹೋಗಿಲ್ಲ, ಗಾಬರಿ ಬೇಡ.

ತಮ್ಮ ನೋಟೀಸಿನಲ್ಲಿ ಹೀಗಿದೆ: ಸದರಿ ಮನೆಯ ಪಕ್ಕದ ಒಂಬತ್ತು ಮೆಟ್ಟಿಲುಗಳ ಉದ್ದಕ್ಕೂ ಅಳವಡಿಸಿರುವ ಕಬ್ಬಿಣದ ಪೈಪು, ಸಮಿತಿಯ ಬಳಿಯಿರುವ ಮೂಲ ಛಾಯಾಚಿತ್ರದಲ್ಲಿ ಕಂಡುಬಾರದಿರುವುದರಿಂದ, ಪ್ರದೇಶದ ಐತಿಹಾಸಿಕ ಮುಖಕ್ಕೆ ಕಳಂಕವಾಗಿರುವುದರಿಂದ, ಹದಿನೈದು ದಿನಗಳ ಒಳಗೆ ತೆಗೆಯತಕ್ಕದ್ದು, ತಪ್ಪಿದಲ್ಲಿ ಸಮಿತಿಯೇ ತೆಗೆಸುವುದು. ಇದನ್ನು ನಾನೇ ಓದಿಕೊಂಡೆ. ನಾಲ್ಕನೇ ಕ್ಲಾಸಿನ ತನಕ ಕಲಿತದ್ದು ಇಂಥ ಕೆಲಸಕ್ಕೆ ಸಾಕಾಗುತ್ತದೆ. "ತತ್ಸಂಬಂಧ" ಎಂಬಲ್ಲಿ ಮಾತ್ರ ತಡವರಿಸಿ ಸೊಸೆಯನ್ನು ಕರೆದೆ. ಅವಳು ಆಸ್ಪತ್ರೆಯಲ್ಲಿ ನರ್ಸು, ಡಾಕ್ಟರುಗಳ ಕೈಬರಹವನ್ನೇ ಓದುವವಳು. ಅವಳೂ ಎರಡು ಸಲ ಓದಿ, "ಬಿಡಿ ಅತ್ತೆ, ಇದು ಭಯ ಬೀಳಿಸೋಕೆ ಹಾಕಿರೋ ಪದ, ಅರ್ಥ ಇರಲ್ಲ" ಎಂದಳು.

ಕಳಂಕವಾದ ಈ ಪೈಪು ಯಾವುದು ಎಂದು ಗೇಟಿನ ಬಳಿ ನಿಂತು ಓದುತ್ತಿರುವವರಿಗೆ ಗೊತ್ತಿರಲಾರದು. ನನ್ನ ಜೊತೆ ನನ್ನ ನಾದಿನಿ ಇದ್ದಾಳೆ, ನಮ್ಮ ಯಜಮಾನರ ತಂಗಿ, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಬಾಯಿಯಲ್ಲಿ ನನಗಿಂತ ದೊಡ್ಡವಳು. ಅವಳಿಗೆ ಎರಡು ಕಣ್ಣೂ ಕಾಣುವುದಿಲ್ಲ. ದಿನಾ ಸಂಜೆ ಐದೂವರೆಗೆ ಆ ಪೈಪು ಹಿಡಿದು ಒಂಬತ್ತು ಮೆಟ್ಟಿಲು ಇಳಿದು, ನಲವತ್ತೆರಡು ಹೆಜ್ಜೆ ನಡೆದು, ಉದ್ಯಾನದ ಒಳಗಿನ ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ಒಬ್ಬಳೇ ಹೋಗುತ್ತಾಳೆ, ಒಬ್ಬಳೇ ಬರುತ್ತಾಳೆ. ಇಡೀ ದಿನದಲ್ಲಿ ಅವಳು ಯಾರ ಕೈಯನ್ನೂ ಹಿಡಿಯದೆ, ಯಾರನ್ನೂ ಕೇಳದೆ ಮಾಡುವ ಕೆಲಸ ಅದೊಂದೇ. ತಾವು ತೆಗೆಸಲು ಹೊರಟಿರುವುದು ಅದನ್ನು.

ಪೈಪು ಹಾಕಿದವರು ನಮ್ಮ ಯಜಮಾನರು. ಅವರು ಪ್ಲಂಬರು, ಈ ಉದ್ಯಾನದ ಸುತ್ತಲಿನ ನಲವತ್ತೊಂದು ಮನೆಗಳಲ್ಲಿ ಅವರು ಬಗ್ಗಿ ನೋಡದ ಬಚ್ಚಲಿಲ್ಲ. ಅವರಿಗೆ ಕಬ್ಬಿಣದಲ್ಲಿ ಹೂವು ಬಳ್ಳಿ ಮಾಡಲು ಬರುತ್ತಿರಲಿಲ್ಲ, ನೀರಿನ ಪೈಪು ಜೋಡಿಸಲು ಬರುತ್ತಿತ್ತು, ಅದನ್ನೇ ಜೋಡಿಸಿದರು. ಕೊನೆಯ ಮೆಟ್ಟಿಲಿನ ಬಳಿ ಪೈಪು ಎಡಕ್ಕೆ ತಿರುಗುತ್ತದೆ, ಉದ್ಯಾನದ ಗೇಟು ಯಾವ ಕಡೆ ಎಂದು ಕೈಗೆ ತಿಳಿಯಲಿ ಎಂದು. ಮೇಲಿನ ತುದಿಯಲ್ಲಿ ಒಂದು ಹಳೆಯ ನಲ್ಲಿ ಇದೆ. ತಮ್ಮ ನೋಟೀಸು ಅದನ್ನು "ನೀರು ಬಾರದ, ನಿರುಪಯುಕ್ತ ನಲ್ಲಿ" ಎಂದು ಪ್ರತ್ಯೇಕವಾಗಿ ಬೈದಿದೆ. ನೀರು ಬಾರದು ಎನ್ನುವುದು ನಿಜ, ಬರಲೆಂದು ಅದನ್ನು ಹಾಕಿದವರಾರು? ನಾದಿನಿ ಹೊರಗೆ ಹೊರಟಾಗ ನಲ್ಲಿಯ ಹಿಡಿಯನ್ನು ಉದ್ಯಾನದ ಕಡೆಗೆ ತಿರುಗಿಸುತ್ತಾಳೆ, ಒಳಗೆ ಬಂದಾಗ ಬಾಗಿಲಿನ ಕಡೆಗೆ ತಿರುಗಿಸುತ್ತಾಳೆ. ಅಡುಗೆಮನೆ ಕಿಟಕಿಯಿಂದ ಒಮ್ಮೆ ಇಣುಕಿದರೆ ಸಾಕು, ಅವಳು ಒಳಗಿದ್ದಾಳೋ ಹೊರಗಿದ್ದಾಳೋ ನಮಗೆ ತಿಳಿಯುತ್ತದೆ. ಅವಳನ್ನು ಯಾರೂ "ಎಲ್ಲಿಗೆ ಹೊರಟೆ" ಎಂದು ಕೇಳಬೇಕಿಲ್ಲ, ಅವಳು ಯಾರಿಗೂ ಹೇಳಬೇಕಿಲ್ಲ. ಭಾನುವಾರ ಬರುವ ತಮ್ಮ ಪ್ರವಾಸಿಗರು ಬಾಯಾರಿ ಅದನ್ನು ತಿರುಗಿಸಿ, ನೀರು ಬಾರದೆ ಬೈದುಕೊಂಡು ಹೋಗುವುದರಿಂದ ಆ ಒಂದು ದಿನ ಮಾತ್ರ ನಮ್ಮ ಮನೆಯವಳು ಹೊರಗೂ ಇರುತ್ತಾಳೆ, ಒಳಗೂ ಇರುತ್ತಾಳೆ.

ಇಷ್ಟು ಹೇಳಿದ ಮೇಲೆ ತಮ್ಮನ್ನು ಹೊಗಳದಿದ್ದರೆ ನನಗೆ ಒಳ್ಳೆಯದಾಗುವುದಿಲ್ಲ. ತಾವು ಬರುವ ಮೊದಲು ನಾವು ಸುಮ್ಮನೆ ಮನೆಗಳಲ್ಲಿ ಇದ್ದೆವು, ಇತಿಹಾಸದಲ್ಲಿ ಇದ್ದೇವೆಂದು ಗೊತ್ತಿರಲಿಲ್ಲ. ತಾವು ಪ್ರತಿ ಮನೆಗೂ ಒಂದು ನೀಲಿ ಫಲಕ ಹೊಡೆಸಿ ನಮ್ಮ ಕಣ್ಣು ತೆರೆಸಿದಿರಿ. ಹನ್ನೊಂದನೇ ನಂಬರಿನ ಫಲಕದಲ್ಲಿ, ಇಲ್ಲಿ ವಾಸವಾಗಿದ್ದ ನ್ಯಾಯಾಧೀಶರು ಎದುರಿನ ದೊಡ್ಡ ಮರವನ್ನು ಸ್ವಹಸ್ತದಿಂದ ನೆಟ್ಟರು ಎಂದು ಬರೆಸಿದ್ದೀರಿ. ಆ ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಅಡುಗೆ ಮಾಡಿದ ನಾನು ಆ ದಿನ ಅಲ್ಲೇ ಇದ್ದೆ. ಗುಂಡಿ ತೋಡಿದ್ದು ತೋಟದವನು, ಸಸಿ ಇಟ್ಟದ್ದು ತೋಟದವನು, ನೀರು ಹೊತ್ತದ್ದು ಅವನ ಹೆಂಡತಿ. ನ್ಯಾಯಾಧೀಶರ ಸ್ವಹಸ್ತ ಆ ಹೊತ್ತಿನಲ್ಲಿ ಕೋಟಿನ ಜೇಬಿನಲ್ಲಿತ್ತು. ಆದರೂ ಫಲಕ ತಿದ್ದಿಸಿ ಎಂದು ನಾನು ಕೇಳುವುದಿಲ್ಲ. ತೋಟದವನನ್ನು ಮಹನೀಯ ಎಂದು ಕರೆದರೆ ನಾಳೆ ಈ ಬೀದಿಯಲ್ಲಿ ಫಲಕ ಹೊಡೆಯಲು ಗೋಡೆ ಸಾಲದೆ ಹೋದೀತು.

ಬಣ್ಣದ ವಿಷಯದಲ್ಲಂತೂ ತಮ್ಮ ಬ್ಲೇಡಿನ ಪಂಡಿತರ ಜ್ಞಾನಕ್ಕೆ ನಾನು ತಲೆದೂಗಿದ್ದೇನೆ. ಅವರು ನಮ್ಮ ಬಾಗಿಲಿನ ಮುಂದೆ ಮಂಡಿಯೂರಿ ಕೂತು, ಏಳು ಪದರ ಬಣ್ಣ ಕೆರೆದು, ತಳದಲ್ಲಿ ಒಂದು ಮಂಕು ಹಸಿರನ್ನು ಕಂಡುಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಇದೇ ಈ ಪ್ರದೇಶದ ಮೂಲ ಹಸಿರು ಎಂದು ಘೋಷಿಸಿದರು. ಆ ಬಾಗಿಲು ಗೆದ್ದಲು ಹಿಡಿದ ಹಳೆಯದನ್ನು ಕಿತ್ತು ನಮ್ಮ ಯಜಮಾನರು ಕೂರಿಸಿದ್ದು, ಆ ಹಸಿರು ಅವರು ಮೂರು ಡಬ್ಬಿಗಳ ತಳ ಕೆರೆದು ಒಂದೇ ಕೋಲಿನಲ್ಲಿ ಕಲಸಿದ್ದು. ಈಗ ನಲವತ್ತೊಂದು ಮಹನೀಯ ಮನೆಗಳ ಬಾಗಿಲುಗಳೂ ನಮ್ಮ ಡಬ್ಬಿಯ ತಳದ ಬಣ್ಣದಲ್ಲಿ ಹೊಳೆಯುತ್ತಿರುವುದನ್ನು ನೋಡಿ ನನಗೆ ಆಗುವ ಹೆಮ್ಮೆ ಅಷ್ಟಿಷ್ಟಲ್ಲ. ಆ ದಿನ ನಾನು ಬಾಯಿ ತೆರೆಯಲಿಲ್ಲ. ಪಂಡಿತರು ಅಷ್ಟು ಸಂತೋಷವಾಗಿದ್ದರು, ಕೂತಿದ್ದವರು ಎದ್ದು ಕುಣಿಯುವುದೊಂದು ಬಾಕಿ.

ಡಾಕ್ಟರ ಮನೆಯ ಕಿಟಕಿಯ ಕಥೆ ಈ ಬೀದಿಗೆಲ್ಲ ಗೊತ್ತು. ತಮ್ಮ ಹತ್ತಿರವಿರುವ ಆ ಮನೆಯ ಹಳೆಯ ಫೋಟೋದಲ್ಲಿ ಮೇಲಿನ ಕಿಟಕಿಯ ಒಂದು ರೆಕ್ಕೆ ತಿರುಗಣಿ ಮುರಿದು ಸೊಟ್ಟಗೆ ಜೋತಾಡುತ್ತಿದೆ. ಫೋಟೋದಲ್ಲಿ ಇರುವುದೆಲ್ಲ ಇರತಕ್ಕದ್ದು ಎಂಬುದು ತಮ್ಮ ನಿಯಮವಾದ್ದರಿಂದ, ನೆಟ್ಟಗಿದ್ದ ರೆಕ್ಕೆಯನ್ನು ಬಿಚ್ಚಿಸಿ, ಅಳತೆಪಟ್ಟಿ ಹಿಡಿದು, ಫೋಟೋದಲ್ಲಿರುವಷ್ಟೇ ಸೊಟ್ಟಕ್ಕೆ ಮತ್ತೆ ಹೊಡೆಸಿದಿರಿ. ಆ ಕೆಲಸ ಮಾಡಿದ ಬಡಗಿ ನಮ್ಮ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಂಡು, "ಅಜ್ಜೀ, ಮೂವತ್ತು ವರ್ಷ ನೆಟ್ಟಗೆ ಕೆಲಸ ಮಾಡಿದೆ, ಯಾರೂ ಒಂದು ಮಾತು ಆಡಲಿಲ್ಲ. ಇವತ್ತು ಸೊಟ್ಟ ಹೊಡೆದೆ, ಮೂರು ಜನ ನಿಂತು ಚಪ್ಪಾಳೆ ತಟ್ಟಿದರು" ಎಂದ. ಗಾಳಿ ಬಂದಾಗಲೆಲ್ಲ ಅದು ಗೋಡೆಗೆ ಬಡಿದುಕೊಳ್ಳುತ್ತದೆ, ಡಾಕ್ಟರ ಅತ್ತೆಗೆ ಮಧ್ಯಾಹ್ನದ ನಿದ್ದೆ ಹೋಗಿ ತಿಂಗಳುಗಳಾದವು. ಆದರೆ ಇತಿಹಾಸವೇ ಬಡಿದುಕೊಳ್ಳುತ್ತಿರುವಾಗ ನಿದ್ದೆ ಎಂಥದ್ದು.

ತಾವು ಪರಿಶೀಲನೆಗೆ ಬಂದ ದಿನವನ್ನು ನಾನು ಮರೆಯುವಂತಿಲ್ಲ. ನಾದಿನಿ ಮೂರನೇ ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ತಾವು, ಬ್ಲೇಡಿನ ಪಂಡಿತರು, ಕಾರ್ಯದರ್ಶಿ ಅಮ್ಮನವರು ಮೂವರೂ ಅವಳ ತಲೆಯ ಮೇಲಿಂದಲೇ ಮಾತಾಡಿಕೊಂಡಿರಿ, ಅವಳೂ ಒಂದು ಹೂವಿನ ಕುಂಡ ಎಂಬಂತೆ. ಪಂಡಿತರು ಪೈಪನ್ನು ಉಗುರಿನಿಂದ ಕುಟ್ಟಿ, "ಇದು ಯಾವ ಕಾಲದ್ದು?" ಎಂದರು. ಅವಳು ಕೆಳಗಿನಿಂದ, "ಬಚ್ಚಲು ರಿಪೇರಿ ಕಾಲದ್ದು" ಎಂದಳು. ಕಾರ್ಯದರ್ಶಿ ಅಮ್ಮನವರು ನನ್ನ ಕಡೆ ತಿರುಗಿ ಮೆಲ್ಲಗೆ, "ಇವರಿಗೆ ಇದು ಬೇಕೇ ಬೇಕಾ?" ಎಂದು ಕೇಳಿದರು. ನಾನು ಉತ್ತರ ಕೊಡುವಷ್ಟರಲ್ಲಿ ಅವಳೇ, "ಹೋಗಿರೋದು ಕಣ್ಣು ತಾಯಿ, ಕಿವಿ ಅಲ್ಲ. ನನ್ನನ್ನೇ ಕೇಳಿ, ಬೇಕು" ಎಂದಳು. ಆಗ ತಾವು ಬಹಳ ಮರ್ಯಾದೆಯಿಂದ, ನಾವು ವ್ಯಕ್ತಿಗಳನ್ನು ನೋಡುವಂತಿಲ್ಲ, ಮುಖಭಾಗವನ್ನು ಮಾತ್ರ ನೋಡಬೇಕು ಎಂದಿರಿ. ಅದಕ್ಕೂ ಅವಳ ಹತ್ತಿರ ಉತ್ತರವಿತ್ತು. "ಹಾಗಾದ್ರೆ ನಾವಿಬ್ಬರೂ ಒಂದೇ ಬಿಡಿ ಸ್ವಾಮಿ, ನನಗೂ ಜನ ಕಾಣಲ್ಲ." ತಾವು ಅದನ್ನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಿತ್ತು.

ನೋಟೀಸಿನ ನಾಲ್ಕನೇ ಅಂಶದಲ್ಲಿ ತಾವು ತೋರಿಸಿದ ಕರುಣೆಯನ್ನು ಊರಿಗೆ ತಿಳಿಸದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಸದರಿ ವೃದ್ಧ ಮಹಿಳೆಯವರು ಹಿಂಬದಿಯ ಓಣಿಯ ಮೂಲಕ ಸಹಾಯಕರೊಂದಿಗೆ ಸಂಚರಿಸಬಹುದು ಎಂದಿದ್ದೀರಿ. ಅದು ಕಸದ ಡಬ್ಬಿಗಳು ಹೋಗುವ ದಾರಿ, ಉದ್ಯಾನಕ್ಕೆ ಅದರಿಂದ ಅರ್ಧ ಊರು ಸುತ್ತಬೇಕು. ಸಹಾಯಕರು ಯಾರು ಎಂದು ಬರೆದಿಲ್ಲ. ಸೊಸೆ ಆಸ್ಪತ್ರೆಯಲ್ಲಿ, ಮಗ ಬಸ್ಸಿನ ಸ್ಟಿಯರಿಂಗಿನ ಹಿಂದೆ, ನಾನು ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ. ಅದಕ್ಕಿಂತ ದೊಡ್ಡ ಕರುಣೆ ಮುಂದಿನ ಸಾಲಿನಲ್ಲಿದೆ: ಅಥವಾ ಸದರಿಯವರು ತಮ್ಮ ಕೋಣೆಯ ಕಿಟಕಿಯಿಂದಲೇ ಉದ್ಯಾನದ ಸೊಬಗನ್ನು ಸವಿಯಬಹುದಾಗಿದೆ.

ಸೊಸೆ ಇದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದಳು. ಆಮೇಲೆ ನಾದಿನಿ ನಗಲು ಶುರು ಮಾಡಿದಳು, ನಕ್ಕೂ ನಕ್ಕೂ ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು. "ಅತ್ತಿಗೆ, ಆ ಕಿಟಕಿ ಯಾವ ಕಡೆ ಇದೆ ಅಂತ ಸ್ವಲ್ಪ ತೋರಿಸೇ, ಸವಿದುಬಿಡ್ತೀನಿ" ಎಂದಳು. ಕಣ್ಣಿಲ್ಲದವಳಿಗೆ ಕಿಟಕಿ ಮಂಜೂರು ಮಾಡಿದ ಅಧಿಕಾರಿಗಳು ಈ ಭೂಮಿಯ ಮೇಲೆ ತಾವೊಬ್ಬರೇ ಇರಬೇಕು. ಅದಕ್ಕೊಂದು ನೀಲಿ ಫಲಕ ಹೊಡೆಸಿಕೊಳ್ಳಿ.

ತಾವು ಕೇಳಬಹುದು, ಒಂಬತ್ತು ಮೆಟ್ಟಿಲು ತಾನೇ, ಅಷ್ಟು ವರ್ಷದ ಅಭ್ಯಾಸವಿದ್ದವಳಿಗೆ ಗೋಡೆ ಸವರಿಕೊಂಡು ಇಳಿಯಲು ಏನು ಕಷ್ಟ ಎಂದು. ಗೋಡೆಯ ಆ ಭಾಗದ ಮೇಲೆ ತಮ್ಮ ಸಭೆಯ ಕೋಣೆಯನ್ನು ತಂಪಾಗಿಡುವ ಪೆಟ್ಟಿಗೆ ಇದೆ. ಅದು ಹಗಲೆಲ್ಲ ನಮ್ಮ ಐದನೇ ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತದೆ, ಆ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ. ಫೋಟೋದಲ್ಲಿ ಆ ಪೆಟ್ಟಿಗೆ ನನಗೆ ಕಾಣಿಸಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ, ಸೊಸೆಯ ಕೈಯಲ್ಲಿ ನೋಡಿಸಿದೆ. ಬಹುಶಃ ಆಗಿನ ಕಾಲದವರು ಅದನ್ನು ಮುಚ್ಚಿಟ್ಟು ಫೋಟೋ ತೆಗೆಸಿಕೊಂಡಿರಬೇಕು.

ತಮ್ಮ ನಿಯಮವನ್ನು ಅರ್ಧಕ್ಕೆ ನಿಲ್ಲಿಸಬಾರದೆಂದೂ ಪ್ರಾರ್ಥಿಸುತ್ತೇನೆ. ಫೋಟೋದಲ್ಲಿ ಸೂರಿನ ಮೇಲೆ ಎರಡೇ ಪಾರಿವಾಳ ಇವೆ, ಈಗ ಇನ್ನೂರಕ್ಕೆ ಕಡಿಮೆ ಇಲ್ಲ. ಹೆಚ್ಚುವರಿ ಪಾರಿವಾಳಗಳಿಗೆ ಹದಿನೈದು ದಿನಗಳ ನೋಟೀಸು ಹೋಗಲಿ. ಎದುರಿನ ಮರ ಫೋಟೋದಲ್ಲಿ ಆಳೆತ್ತರ ಇದೆ. ಅದು ಯಾರ ಅನುಮತಿಯಿಂದ ಮೂರು ಅಂತಸ್ತು ಬೆಳೆಯಿತು ಎಂದು ಅದನ್ನು ಕರೆಸಿ ವಿಚಾರಿಸಬೇಕು, ಒಪ್ಪಿದರೆ ಮತ್ತೆ ಸಸಿಯಾಗಲು ತಿಳಿಸಬೇಕು. ಮೆಟ್ಟಿಲಿನ ನೆರಳು ಫೋಟೋದಲ್ಲಿ ಬಲಕ್ಕೆ ಬಿದ್ದಿದೆ. ಬೆಳಿಗ್ಗೆ ಹೊತ್ತು ಅದು ಎಡಕ್ಕೆ ಬೀಳುತ್ತಿದೆ ಎಂದು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ.

ಈಗ ಆ ಫೋಟೋದ ವಿಷಯಕ್ಕೇ ಬರುತ್ತೇನೆ.

ತಾವು ಅಚ್ಚು ಹಾಕಿಸಿದ ದಪ್ಪ ಪುಸ್ತಕದಲ್ಲಿ ಅದು ಇಡೀ ಪುಟಕ್ಕಿದೆ. ಪಕ್ಕದ ಮೆಟ್ಟಿಲುಗಳ ಮೇಲೆ ಒಬ್ಬಳು ಹೆಂಗಸು ನಿಂತು ಕೈ ಚಾಚಿದ್ದಾಳೆ. ಕೆಳಗೆ ಹೀಗೆ ಬರೆದಿದೆ: ಮನೆತನದ ಕುಲೀನ ಗೃಹಿಣಿಯು ಅತಿಥಿಗಳನ್ನು ಉದ್ಯಾನದತ್ತ ಸ್ವಾಗತಿಸುತ್ತಿರುವ ಭಂಗಿ, ಸುಮಾರು ನೂರ ಹತ್ತು ವರ್ಷಗಳ ಹಿಂದಿನದು. ಭಾನುವಾರ ಹನ್ನೊಂದು ಗಂಟೆಗೆ ಪ್ರವಾಸಿಗರನ್ನು ಕರೆತರುವ ತಮ್ಮ ಮೈಕಿನ ಹುಡುಗಿ ಇದನ್ನು ಬಾಯಿಪಾಠ ಒಪ್ಪಿಸುತ್ತಾಳೆ. ಆಮೇಲೆ ಪ್ರವಾಸಿಗರು ಒಬ್ಬೊಬ್ಬರಾಗಿ ನಮ್ಮ ಮೂರನೇ ಮೆಟ್ಟಿಲು ಹತ್ತಿ, ಅದೇ ಥರ ಕೈ ಚಾಚಿ, ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಸ್ವಾಗತದ ಭಂಗಿಯಂತೆ. ಒಂದು ಭಾನುವಾರ ಇಪ್ಪತ್ತಾರು ಜನ ಸ್ವಾಗತಿಸಿದ್ದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ.

ಕಪ್ಪುಬಿಳುಪಾದ ಮಾತ್ರಕ್ಕೆ ಫೋಟೋ ಮುತ್ತಾತನ ಕಾಲದ್ದಾಗುವುದಿಲ್ಲ ಮಾನ್ಯರೇ. ಅದನ್ನು ತೆಗೆದು ಐವತ್ತನಾಲ್ಕು ವರ್ಷವಾಯಿತು. ತೆಗೆದವನು ನ್ಯಾಯಾಧೀಶರ ಕಿರಿಯ ಮಗ. ಹೊಸ ಕ್ಯಾಮೆರಾ ಬಂದಿತ್ತು, ಕಂಡಕಂಡದ್ದನ್ನೆಲ್ಲ ತೆಗೆಯುತ್ತಿದ್ದ. ಮೆಟ್ಟಿಲ ಮೇಲೆ ನಿಂತಿರುವ ಕುಲೀನ ಗೃಹಿಣಿ ನನ್ನ ನಾದಿನಿ. ಜ್ವರದಲ್ಲಿ ಕಣ್ಣು ಕಳೆದುಕೊಂಡು ಎರಡು ವರ್ಷವಾಗಿತ್ತು, ಆ ಮನೆಯ ಬಟ್ಟೆ ಮಡಿಸುವ ಕೆಲಸಕ್ಕಿದ್ದಳು. ಯಾವ ಹಾಸು ಯಾರ ಮಂಚದ್ದು ಎಂದು ಅಂಚು ಮುಟ್ಟಿ ಹೇಳುತ್ತಿದ್ದಳು. ಮೈಮೇಲಿನ ಒಳ್ಳೆಯ ಬಟ್ಟೆ ಆ ಮನೆಯ ಯಜಮಾನಿ ದೊಡ್ಡಮ್ಮನವರು ಉಟ್ಟು ಬಿಟ್ಟದ್ದು, ಅದನ್ನು ನೋಡಿಯೇ ತಾವು ಕುಲೀನತೆ ಕಂಡುಹಿಡಿದಿರಿ.

ಅವಳು ಯಾರನ್ನೂ ಸ್ವಾಗತಿಸುತ್ತಿರಲಿಲ್ಲ. ನನಗಾಗಿ ಕಾಯುತ್ತಿದ್ದಳು.

ಕೆಲಸ ಮುಗಿದ ಮೇಲೆ ಸಂಜೆ ಐದೂವರೆಗೆ ಅವಳನ್ನು ಕೈಹಿಡಿದು ಇಳಿಸಿ ಉದ್ಯಾನಕ್ಕೆ ಬಿಡಬೇಕಾದವಳು ನಾನು. ಒಲೆಯ ಮೇಲೆ ಹಾಲಿರುತ್ತಿತ್ತು, ದೊಡ್ಡಮ್ಮನವರ ಗಂಟೆ ಬಾರಿಸುತ್ತಿತ್ತು, ಊಟದ ಮನೆಯಲ್ಲಿ ನಾಲ್ಕು ಜನ ಹೆಚ್ಚು ಬಂದಿರುತ್ತಿದ್ದರು. ಆ ಕಡೆ ಕೆಲಸದವರು ಜೋರಾಗಿ ಕೂಗಬಾರದೆಂಬ ನಿಯಮವಿತ್ತು. ಆದ್ದರಿಂದ ಅವಳು ಕರೆಯುತ್ತಿರಲಿಲ್ಲ. ಮೂರನೇ ಮೆಟ್ಟಿಲಿನ ತನಕ ತಾನೇ ಇಳಿದು, ಅಲ್ಲಿಂದ ಮುಂದೆ ಧೈರ್ಯ ಸಾಲದೆ, ಕೈ ಚಾಚಿಕೊಂಡು ಸುಮ್ಮನೆ ನಿಂತಿರುತ್ತಿದ್ದಳು. ಬಂದಾಗ ನಾನು ಹಿಡಿಯುತ್ತಿದ್ದೆ, ಬರದಿದ್ದಾಗ ಅವಳು ಕೈ ಮಡಚಿಕೊಂಡು ಒಳಗೆ ಹೋಗುತ್ತಿದ್ದಳು.

ಫೋಟೋದ ಒಂದು ಪ್ರತಿಯನ್ನು ಆ ಕಿರಿಯ ಮಗ ನಮ್ಮ ಯಜಮಾನರಿಗೆ ಕೊಟ್ಟಿದ್ದ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇವಳ ಕೈ ನೋಡೇ. ಎಷ್ಟು ಹೊತ್ತಿಂದ ಹೀಗೆ ನಿಂತಿದ್ದಳು?" ಎಂದು ಕೇಳಿದರು. "ಐದು ನಿಮಿಷ ಆಗಿರಬೇಕು" ಎಂದೆ. ಅದು ಸುಳ್ಳು. ಅರ್ಧ ಗಂಟೆಯ ಮೇಲಾಗಿತ್ತು. ಅವರು ಮುಂದಿನ ರಜೆಯ ದಿನ ಪೈಪು ಹೊತ್ತುಕೊಂಡು ಬಂದರು. ತಮ್ಮ ಮೂಲ ಛಾಯಾಚಿತ್ರದಲ್ಲಿ ಪೈಪು ಯಾಕಿಲ್ಲ ಎಂದರೆ, ಆ ಛಾಯಾಚಿತ್ರವನ್ನು ನೋಡಿದ ಮೇಲೆಯೇ ಪೈಪು ಬಂದದ್ದು. ನೋಡಲು ಗೊತ್ತಿದ್ದವರೊಬ್ಬರು ಅದನ್ನು ನೋಡಿದ್ದರು. ತಮ್ಮ ಸಮಿತಿಯೂ ಅದನ್ನೇ ಮೂರು ವರ್ಷದಿಂದ ನೋಡುತ್ತಿದೆ, ಭೂತಗನ್ನಡಿ ಹಿಡಿದು.

ಮೊನ್ನೆ ಮೈಕಿನ ಹುಡುಗಿಯ ಪಾಠ ಕೇಳಿ ನಾದಿನಿ, "ಅತ್ತಿಗೆ, ಆ ಕುಲೀನ ಹೆಂಗಸು ಯಾರೇ?" ಎಂದಳು. "ನೀನೇ ಕಣೇ" ಎಂದೆ. ಸೆರಗು ಸರಿಮಾಡಿಕೊಂಡು, "ಹಾಗಾದ್ರೆ ಇನ್ಮೇಲೆ ನನ್ನ ಹತ್ರ ಸ್ವಲ್ಪ ತಗ್ಗಿಬಗ್ಗಿ ಮಾತಾಡು" ಎಂದಳು. ಅಂದಿನಿಂದ ಮನೆಯಲ್ಲಿ ತಟ್ಟೆ ಎತ್ತಿಡುವುದನ್ನೂ ನಿಲ್ಲಿಸಿದ್ದಾಳೆ. ಇದೂ ತಮ್ಮ ಸಮಿತಿಯ ಕೊಡುಗೆಯೇ.

ಆ ಫೋಟೋದ ಎಡ ಅಂಚಿನಲ್ಲಿ, ಪುಸ್ತಕಕ್ಕೆ ಹೊಂದಿಸಲು ತಾವು ಕತ್ತರಿಸಿದ ಕಡೆ, ಎರಡು ಬೆರಳು ಉಳಿದುಕೊಂಡಿವೆ. ನನ್ನ ತಗಡಿನ ಪೆಟ್ಟಿಗೆಯಲ್ಲಿರುವ ಪೂರ್ತಿ ಪ್ರತಿಯಲ್ಲಿ ತಡವಾಗಿ ಬಂದ ಇಡೀ ಕೈ ಇದೆ, ಮಣಿಕಟ್ಟಿನ ಮೇಲೆ ಕಾದ ಪಾತ್ರೆ ತಾಗಿದ ಕಲೆ ಸಮೇತ. ಆ ಕಲೆ ಈಗಲೂ ನನ್ನ ಕೈಯಲ್ಲಿದೆ. ಬೇಕಿದ್ದರೆ ಬ್ಲೇಡಿನ ಪಂಡಿತರು ಬಂದು ಕೆರೆದು ನೋಡಲಿ.

ಫೋಟೋದಲ್ಲಿ ಇರುವುದೆಲ್ಲ ಇರತಕ್ಕದ್ದು ಎಂದಿರಿ. ಒಪ್ಪಿದೆ. ಫೋಟೋದಲ್ಲಿ ಒಂದು ಕೈ ಇದೆ, ಆದ್ದರಿಂದ ಸಂಜೆ ಐದೂವರೆಗೆ ಆ ಜಾಗದಲ್ಲಿ ಒಂದು ಕೈ ಇರತಕ್ಕದ್ದು. ನನ್ನದು ನಿವೃತ್ತಿಯಾಗಿದೆ, ನಾನು ಮೂರು ಮೆಟ್ಟಿಲು ಇಳಿದರೆ ನನ್ನನ್ನು ಹತ್ತಿಸಲು ಇಬ್ಬರು ಬೇಕು. ಸಮಿತಿಯೇ ಕೈ ಒದಗಿಸಬೇಕೆಂದು ಈ ಮೂಲಕ ಸವಿನಯ ಪ್ರಾರ್ಥನೆ. ಹದಿನೈದನೇ ದಿನ ಸೋಮವಾರ ಬರುವುದರಿಂದ ಮೊದಲ ಸರದಿ ಅಧ್ಯಕ್ಷರದ್ದು, ಮಂಗಳವಾರ ಕಾರ್ಯದರ್ಶಿ ಅಮ್ಮನವರದ್ದು, ಬುಧವಾರ ಪಂಡಿತರದ್ದು. ಉಳಿದ ದಿನಗಳನ್ನು ತಮ್ಮಲ್ಲೇ ಹಂಚಿಕೊಳ್ಳಿ, ಜಗಳ ಮಾಡಬೇಡಿ. ಸಭೆ ಮುಗಿದ ಮೇಲೆ ಬರುತ್ತೇನೆ ಎನ್ನುವಂತಿಲ್ಲ, ಅವಳು ಬಂದಾಗ ಕೈ ಅಲ್ಲಿರಬೇಕು. ಅವಳು ಬೆಂಚಿನಿಂದ ವಾಪಸು ಬರುವ ತನಕ ಕೆಳಗೆ ನಿಂತಿರಬೇಕು. ಮಳೆ ಬಂದರೂ, ಅಧ್ಯಕ್ಷರನ್ನು ನೋಡಲು ಮಂತ್ರಿ ಬಂದರೂ. ಆ ಕಡೆ ಜೋರಾಗಿ ಕೂಗುವಂತಿಲ್ಲ.

ಇದು ಕಷ್ಟ ಎನಿಸಿದರೆ ಪೈಪು ಇರಲಿ ಬಿಡಿ. ಐವತ್ತನಾಲ್ಕು ವರ್ಷಗಳಲ್ಲಿ ಅದು ಒಂದು ಸಂಜೆಯೂ ತಡವಾಗಿ ಬಂದಿಲ್ಲ.

ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ತಪ್ಪಿಲ್ಲದಿದ್ದರೆ ತಲೆಗೆ ಹಾಕಿಕೊಳ್ಳಿ ಎಂದು ಕೋರುವ,

ಒಂದೇ ಗೋಡೆಯಾಚೆಯ ತಮ್ಮ ವಿಶ್ವಾಸಿ,
ಹನ್ನೊಂದನೇ ನಂಬರಿನ ಪಕ್ಕದ ಬಾಗಿಲಿನ ಅಜ್ಜಿ

ತಾ.ಕ.: ಸರದಿಯ ಪಟ್ಟಿಯನ್ನು ನಾದಿನಿಗೆ ಓದಿ ಹೇಳಿದೆ. ಸೋಮವಾರ ಖುದ್ದು ಅಧ್ಯಕ್ಷರೇ ಕೈ ಕೊಡಲು ಬರುತ್ತಾರೆ ಎಂದೆ. ಅವಳು ಕೇಳಿಸಿಕೊಂಡು, "ಬೇಡ ಅತ್ತಿಗೆ. ಬರ್ತಾರೋ ಇಲ್ವೋ ಅಂತ ಕೈ ಚಾಚ್ಕೊಂಡು ನಿಲ್ಲೋದು ನಂಗೆ ಒಂದು ಜನ್ಮಕ್ಕೆ ಸಾಕಾಗಿದೆ. ಪೈಪು ಕಿತ್ತರೆ ಕಿತ್ಕೊಳ್ಳಲಿ, ಕೂತ್ಕೊಂಡೇ ಇಳೀತೀನಿ, ಒಂದೊಂದೇ ಮೆಟ್ಟಿಲು. ಆದ್ರೆ ಸಂಜೆ ಅಲ್ಲ, ಭಾನುವಾರ ಹನ್ನೊಂದು ಗಂಟೆಗೆ, ಜನ ಸೇರಿರೋವಾಗ" ಎಂದಳು. ನಿನ್ನೆಯಿಂದ ಮಂಚದ ಅಂಚಿನಿಂದ ನೆಲಕ್ಕೆ ಜಾರಿ ಅಭ್ಯಾಸ ಮಾಡುತ್ತಿದ್ದಾಳೆ, ಚೆನ್ನಾಗಿಯೇ ಬರುತ್ತಿದೆ. ಆ ದಿನ ಪ್ರವಾಸಿಗರ ಕ್ಯಾಮೆರಾಗಳೆಲ್ಲ ಬಣ್ಣದವು, ಈ ಸಲ ಯಾವ ಕಾಲದ್ದು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ಮೆಟ್ಟಿಲ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ತಾವೂ ಬಂದು ನಿಂತಿರಬೇಕಾಗಿ ವಿನಂತಿ.